ಸ್ಪೀಕರಿನಲ್ಲಿ ಕರೆಂಟಿನ ಸದ್ದು: ಫಿಲ್ಟರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ ಸ್ಪೀಕರಿನಿಂದ ಗುಂಯ್ ಎಂದೋ ಜರ್ರ್ ಎಂದೋ ಸಣ್ಣ ಸದ್ದು ಕೇಳಿಸುತ್ತಿದ್ದರೆ, ಹೆಚ್ಚಿನವರು ಮೊದಲು ದೂರುವುದು ಬೀದಿಯ ಕಂಬದಿಂದ ಬರುವ ಕರೆಂಟನ್ನು. ಆಮೇಲೆ ಅಂಗಡಿಗೆ ಹೋಗಿ ಕರೆಂಟನ್ನು ಸೋಸುವ ಪವರ್ ಕಂಡಿಷನರ್, ದಪ್ಪನೆಯ ಪವರ್ ಕಾರ್ಡ್, ದುಬಾರಿ ಸ್ಪೈಕ್ ಗಾರ್ಡ್ ತರುತ್ತಾರೆ. ಇಷ್ಟೆಲ್ಲ ತಂದ ಮೇಲೂ ಸದ್ದು ಇದ್ದ ಹಾಗೇ ಇರುವುದು ಅಪರೂಪವೇನಲ್ಲ. ಏಕೆಂದರೆ ಮನೆಯ ಆಡಿಯೊದಲ್ಲಿ ಕೇಳಿಬರುವ ವಿದ್ಯುತ್ ಸದ್ದು ಹೆಚ್ಚಾಗಿ ಹುಟ್ಟುವುದು ಮನೆಯೊಳಗೇ: ನಮ್ಮದೇ ಉಪಕರಣಗಳಲ್ಲಿ, ಅವುಗಳನ್ನು ಒಂದಕ್ಕೊಂದು ಜೋಡಿಸಿರುವ ಕ್ರಮದಲ್ಲಿ, ಸರಿಯಿಲ್ಲದ ಅರ್ಥಿಂಗಿನಲ್ಲಿ. ಹೀಗಾಗಿ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲಿಗೆ ಇಟ್ಟು, ಹಣ ಕೇಳುವ ಪರಿಹಾರಗಳನ್ನು ಕೊನೆಗೆ ಇಟ್ಟಿದ್ದೇನೆ. ಓದುವವರೂ ಇದೇ ಕ್ರಮದಲ್ಲಿ ನಡೆದರೆ ಅರ್ಧ ದಾರಿಯಲ್ಲೇ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು.

ಮೊದಲು ಸದ್ದಿನ ಜಾತಿ ತಿಳಿಯಿರಿ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸಿನ ಕರೆಂಟು. ಆಳವಾದ, ಏರಿಳಿತವಿಲ್ಲದ 50 ಹರ್ಟ್ಸಿನ ಗುಂಯ್ ಕೇಳಿಸಿದರೆ ಎರಡು ಉಪಕರಣಗಳ ಅರ್ಥ್ ಸಂಪರ್ಕದ ನಡುವೆ ಸುತ್ತು ಏರ್ಪಟ್ಟು, ಸಿಗ್ನಲ್ ಕೇಬಲಿನ ಹೊರಜಾಲರಿಯಲ್ಲಿ ಕರೆಂಟು ಹರಿಯುತ್ತಿರಬಹುದೆಂದು ಅನುಮಾನಿಸಬೇಕು. ಆಡಿಯೊ ಬಲ್ಲವರು ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಸದ್ದು ಅದರ ಎರಡರಷ್ಟು, ಅಂದರೆ 100 ಹರ್ಟ್ಸಿನಲ್ಲಿ ಇದ್ದರೆ ಆಂಪ್ಲಿಫೈಯರಿನೊಳಗಿನ ಪವರ್ ಸಪ್ಲೈಯ ಮೇಲೆ ಸಂಶಯ ಹೋಗುತ್ತದೆ, ಏಕೆಂದರೆ ಎಸಿಯನ್ನು ಡಿಸಿಗೆ ತಿರುಗಿಸುವ ಡಯೋಡುಗಳು ಉಳಿಸುವ ಏರಿಳಿತ ಸೆಕೆಂಡಿಗೆ 100 ಬಾರಿ ಬರುತ್ತದೆ, ಮತ್ತು ಅದನ್ನು ಸಮಮಾಡಬೇಕಾದ ದೊಡ್ಡ ಕೆಪಾಸಿಟರುಗಳು ವಯಸ್ಸಾದಂತೆ ಸೋಲುತ್ತವೆ. ಹದಿನೈದು ಇಪ್ಪತ್ತು ವರ್ಷದ ಆಂಪ್ಲಿಫೈಯರ್ ಹೀಗೆ ಗುಂಯ್‌ಗುಟ್ಟುತ್ತಿದ್ದರೆ ಅದನ್ನು ರಿಪೇರಿಯವರ ಬಳಿ ಒಯ್ಯಬೇಕು. ಗೋಡೆಯ ಕಡೆ ಎಷ್ಟು ಫಿಲ್ಟರ್ ಹಾಕಿದರೂ ಅದು ಸುಮ್ಮನಾಗದು.

ಶಾಸ್ತ್ರೀಯ ಸಂಗೀತ ಕೇಳುವವರಿಗೆ ಈ 100 ಹರ್ಟ್ಸ್ ಇನ್ನೊಂದು ಬಗೆಯಲ್ಲೂ ಕಾಟ ಕೊಡುತ್ತದೆ. ಸಿ ಶ್ರುತಿಯಲ್ಲಿ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಕರೆಂಟಿನ ಸದ್ದು ಅದಕ್ಕೆ ಎರಡೇ ಹರ್ಟ್ಸ್ ಮೇಲೆ ನಿಂತು, ತಂಬೂರಿಯ ಪಂಚಮದ ಜೊತೆ ಸೆಕೆಂಡಿಗೆ ಎರಡು ಸಲದಂತೆ ಅಲುಗುತ್ತದೆ. ಶ್ರುತಿ ಸೇರಿಲ್ಲವೆಂದು ಅನ್ನಿಸಿದಾಗ ತಂಬೂರಿ ನುಡಿಸಿದವರನ್ನು ದೂರುವ ಮೊದಲು ಹಾಡನ್ನು ನಿಲ್ಲಿಸಿ, ವಾಲ್ಯೂಮ್ ಅಷ್ಟರಲ್ಲೇ ಬಿಟ್ಟು, ಸ್ಪೀಕರಿಗೆ ಕಿವಿಗೊಡುವುದು ಒಳ್ಳೆಯದು.

ಫ್ಯಾನಿನ ವೇಗ ಬದಲಿಸಿದಂತೆ ಸ್ವರೂಪ ಬದಲಿಸುವ ಹರಿತವಾದ ಜರ್ರ್ ಸದ್ದು ರೆಗ್ಯುಲೇಟರಿನದು. ಫ್ರಿಜ್ ನಿಂತಾಗ ಅಥವಾ ಟ್ಯೂಬ್‌ಲೈಟ್ ಆರಿಸಿದಾಗ ಬರುವ ಟಪ್ ಎನ್ನುವ ಸದ್ದು ಸ್ವಿಚ್ಚಿನ ಕಿಡಿಯದು. ಲ್ಯಾಪ್‌ಟಾಪಿನಲ್ಲಿ ಮೌಸ್ ಆಡಿಸಿದಂತೆ ಚಿರ್ರ್ ಎನ್ನುವುದು ಯುಎಸ್‌ಬಿ ತಂತಿಯ ಮೂಲಕ ನುಸುಳಿದ್ದು. ಇನ್ನೊಂದು ಬಗೆ ಸ್ಪೀಕರಿನಿಂದ ಬರುವುದೇ ಇಲ್ಲ; ಆಂಪ್ಲಿಫೈಯರಿನ ಡಬ್ಬದಿಂದಲೇ, ಅದರೊಳಗಿನ ಟ್ರಾನ್ಸ್‌ಫಾರ್ಮರ್ ಕಂಪಿಸಿ ಬರುತ್ತದೆ. ಇವನ್ನು ಕಿವಿಯಿಂದಲೇ ಖಚಿತವಾಗಿ ಬೇರ್ಪಡಿಸಲು ಎಲ್ಲರಿಗೂ ಆಗುವುದಿಲ್ಲ. ಸಣ್ಣ ಸ್ಪೀಕರುಗಳು 50 ಹರ್ಟ್ಸನ್ನು ಸರಿಯಾಗಿ ನುಡಿಸುವುದೇ ಇಲ್ಲವಾದ್ದರಿಂದ ಕೇಳಿಸುವುದು ಅದರ ಮೇಲಿನ ಸ್ವರಗಳು ಮಾತ್ರ. ಆದ್ದರಿಂದ ಕಿವಿಯ ಊಹೆಯನ್ನು ಮುಂದಿನ ಪರೀಕ್ಷೆಯಿಂದ ಗಟ್ಟಿ ಮಾಡಿಕೊಳ್ಳಬೇಕು.

ಕೇಬಲ್ ಒಂದೊಂದಾಗಿ ತೆಗೆಯುವ ಪರೀಕ್ಷೆ

ಪ್ರತಿ ಸಲ ಆಂಪ್ಲಿಫೈಯರಿಗೆ ಸೇರಿದ ಕೇಬಲ್ ತೆಗೆಯುವ ಅಥವಾ ಹಾಕುವ ಮುನ್ನ ಅದನ್ನು ಆರಿಸಿ. ಮೊದಲು ಅದರ ಎಲ್ಲ ಇನ್‌ಪುಟ್ ಕೇಬಲುಗಳನ್ನೂ ತೆಗೆದು, ಸ್ಪೀಕರುಗಳನ್ನು ಮಾತ್ರ ಉಳಿಸಿಕೊಂಡು ಆನ್ ಮಾಡಿ. ಆಗಲೂ ಸದ್ದು ಇದ್ದರೆ ತೊಂದರೆ ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕೆ ಬರುವ ವಿದ್ಯುತ್ತಿನಲ್ಲಿ ಇದೆ. ಸದ್ದು ಮಾಯವಾದರೆ ಸಿಡಿ ಪ್ಲೇಯರ್, ಟಿವಿ, ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗಿಗೆ ತಿರುಗಿಸುವ ಡಬ್ಬ), ಟರ್ನ್‌ಟೇಬಲ್ (ಎಲ್‌ಪಿ ರೆಕಾರ್ಡ್ ನುಡಿಸುವ ಯಂತ್ರ) ಎಂದು ಒಂದೊಂದನ್ನೇ ಮತ್ತೆ ಜೋಡಿಸುತ್ತ ಹೋಗಿ. ಯಾವುದನ್ನು ಜೋಡಿಸಿದಾಗ ಸದ್ದು ಮರಳಿತೋ ಸುತ್ತು ಅದರ ಮೂಲಕವೇ ಪೂರ್ಣವಾಗುತ್ತಿದೆ. ಇದರ ನಡುವೆ ವಾಲ್ಯೂಮ್ ಗುಂಡಿಯನ್ನೂ ತಿರುಗಿಸಿ ನೋಡಬೇಕು. ಸದ್ದು ವಾಲ್ಯೂಮಿನೊಂದಿಗೆ ಏರಿದರೆ ಅದು ಆ ಗುಂಡಿಗಿಂತ ಮುಂಚೆಯೇ ಒಳಬರುತ್ತಿದೆ. ಏರದಿದ್ದರೆ ಅದರ ನಂತರ.

ನಮ್ಮ ಊರುಗಳಲ್ಲಿ ಈ ಪರೀಕ್ಷೆಗೆ ಪದೇ ಪದೇ ಸಿಕ್ಕಿಬೀಳುವುದು ಟಿವಿಯ ಕೇಬಲ್. ಕೇಬಲ್ ಆಪರೇಟರಿನ ತಂತಿ ಮನೆಯಿಂದ ಮನೆಗೆ, ತಾರಸಿಯಿಂದ ತಾರಸಿಗೆ ಹಾದು ಬರುವಾಗ ಅದರ ಹೊರಜಾಲರಿ ಬೇರೆಲ್ಲೋ ಭೂಮಿಗೆ ತಗಲಿರುತ್ತದೆ. ಆ ಜಾಗದ ಅರ್ಥಿಗೂ ನಮ್ಮ ಮನೆಯ ಅರ್ಥಿಗೂ ಒಂದೆರಡು ವೋಲ್ಟಿನ ವ್ಯತ್ಯಾಸವಿದ್ದರೂ ಸಾಕು, ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಹೋಗುವ ತೆಳುವಾದ ಆಡಿಯೊ ಕೇಬಲಿನ ಮೂಲಕ ಕರೆಂಟು ಹರಿಯುತ್ತದೆ. ಪರೀಕ್ಷೆ ಸುಲಭ: ಸೆಟ್‌ಟಾಪ್ ಬಾಕ್ಸಿನ ಹಿಂದಿನ ತಿರುಪಿನ ಕನೆಕ್ಟರನ್ನು ಬಿಚ್ಚಿ ಎಳೆಯಿರಿ. ಎಳೆದ ಗಳಿಗೆಯಲ್ಲೇ ಗುಂಯ್ ನಿಂತರೆ ಕಳ್ಳ ಸಿಕ್ಕ ಹಾಗೆ.

ಇದಕ್ಕೆ ಪರಿಹಾರ ಎರಡು. ಕೇಬಲ್ ಟಿವಿಯಾದರೆ ಕೋಆಕ್ಸಿಯಲ್ ತಂತಿಯ (ಟಿವಿಯ ದುಂಡನೆಯ ಕೇಬಲ್) ನಡುವೆ ಹಾಕುವ, ಸಿಗ್ನಲನ್ನು ದಾಟಿಸಿ ಅರ್ಥ್ ಸಂಪರ್ಕವನ್ನು ಮುರಿಯುವ ಐಸೊಲೇಟರ್ ಸಿಗುತ್ತದೆ. ಆದರೆ ಡಿಟಿಎಚ್ ಡಿಶ್ ಇರುವ ಮನೆಯಲ್ಲಿ ಅದನ್ನು ಹಾಕಬಾರದು, ಏಕೆಂದರೆ ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ ಎಂಬ ಸಿಗ್ನಲ್ ಹಿಡಿಯುವ ಭಾಗಕ್ಕೆ ಬೇಕಾದ 13 ಅಥವಾ 18 ವೋಲ್ಟಿನ ಡಿಸಿ ಅದೇ ತಂತಿಯಲ್ಲಿ ಮೇಲೆ ಹೋಗಬೇಕು, ಐಸೊಲೇಟರ್ ಅದನ್ನು ತಡೆದು ಚಿತ್ರವೇ ಬರದಂತೆ ಮಾಡುತ್ತದೆ. ಎರಡನೆಯದು, ನನಗೆ ಹೆಚ್ಚು ಒಪ್ಪಿಗೆಯಾದದ್ದು, ಟಿವಿಯಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ಕೇಬಲ್ ಹಾಕುವುದು. ಅದರಲ್ಲಿ ಹೋಗುವುದು ಬೆಳಕು. ತಾಮ್ರದ ಸಂಪರ್ಕವೇ ಇಲ್ಲದ ಮೇಲೆ ಸುತ್ತು ಏರ್ಪಡುವ ಪ್ರಶ್ನೆಯೂ ಇಲ್ಲ. ಆಂಪ್ಲಿಫೈಯರಿಗೆ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ಆಪ್ಟಿಕಲನ್ನು ಅನಲಾಗಿಗೆ ತಿರುಗಿಸುವ ಸಣ್ಣ ಡಬ್ಬಗಳು ದೊರೆಯುತ್ತವೆ. ಎಚ್‌ಡಿಎಂಐ ಕೇಬಲಿನಲ್ಲಿ ಮಾತ್ರ ಈ ಅನುಕೂಲ ಇಲ್ಲ, ಅದು ಅರ್ಥ್ ಸಂಪರ್ಕವನ್ನೂ ಹೊತ್ತು ತರುತ್ತದೆ.

ಲ್ಯಾಪ್‌ಟಾಪ್ ಸದ್ದು ಮಾಡುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಸದ್ದು ನಿಂತರೆ ಯುಎಸ್‌ಬಿ ಐಸೊಲೇಟರ್ ಅಥವಾ ಆಪ್ಟಿಕಲ್ ಔಟ್‌ಪುಟ್ ಅದಕ್ಕೆ ಮದ್ದು. ಆಪ್ಟಿಕಲ್ ಸಾಧ್ಯವಿಲ್ಲದ ಕಡೆ ಆರ್‌ಸಿಎ ಕೇಬಲಿನ (ಕೆಂಪು, ಬಿಳಿ ತುದಿಯ ಸಾಮಾನ್ಯ ಆಡಿಯೊ ಕೇಬಲ್) ನಡುವೆ ಹಾಕುವ, 1:1 ಅನುಪಾತದ ಆಡಿಯೊ ಟ್ರಾನ್ಸ್‌ಫಾರ್ಮರ್ ಸುತ್ತನ್ನು ಮುರಿಯುತ್ತದೆ. ಕಾರಿನ ಸ್ಟೀರಿಯೊಗೆಂದು ಮಾರುವ ಅಗ್ಗದವು ಗುಂಯ್ ಜೊತೆಗೆ ಮೃದಂಗದ ಎಡದ ನಾದವನ್ನೂ ತಿಂದುಹಾಕುತ್ತವೆ, ಏಕೆಂದರೆ ಅವುಗಳ ಪುಟ್ಟ ಕಬ್ಬಿಣದ ತಿರುಳು ಕೆಳಸ್ವರಗಳನ್ನು ತಾಳಿಕೊಳ್ಳುವುದಿಲ್ಲ.

ಅರ್ಥಿಂಗ್: ಕತ್ತರಿಸಬಾರದ್ದು, ಅಳೆಯಬೇಕಾದದ್ದು

ಗ್ರೌಂಡ್ ಲೂಪಿಗೆ ಬಾಯಿಂದ ಬಾಯಿಗೆ ಹರಡಿರುವ ಒಂದು ಉಪಾಯವಿದೆ: ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನನ್ನು ತೆಗೆದುಹಾಕುವುದು, ಅಥವಾ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವುದು. ಸದ್ದು ಹೋಗುತ್ತದೆ ನಿಜ. ಜೊತೆಗೆ ಜೀವರಕ್ಷಣೆಯೂ ಹೋಗುತ್ತದೆ. ಒಳಗೆ ಫೇಸ್ ತಂತಿ ಬಿಟ್ಟುಕೊಂಡು ಲೋಹದ ಡಬ್ಬಕ್ಕೆ ತಗಲಿದರೆ, ಅರ್ಥ್ ಇದ್ದಾಗ ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನೇ ಆರುವ ಸ್ವಿಚ್) ಬೀಳುತ್ತದೆ. ಅರ್ಥ್ ಇಲ್ಲದಾಗ ಡಬ್ಬ 230 ವೋಲ್ಟ್ ಹೊತ್ತು ಕೂರುತ್ತದೆ, ಆರ್‌ಸಿಎ ಕೇಬಲಿನ ಮೂಲಕ ಪಕ್ಕದ ಉಪಕರಣಗಳಿಗೂ ಅದನ್ನು ಹಂಚುತ್ತದೆ. ಸುತ್ತನ್ನು ಮುರಿಯುವುದಿದ್ದರೆ ಸಿಗ್ನಲ್ ಕೇಬಲಿನ ಕಡೆ ಮುರಿಯಿರಿ. ಪವರ್ ಪ್ಲಗ್ಗಿನ ಕಡೆ ಎಂದಿಗೂ ಬೇಡ.

ಬದಲಿಗೆ ಮಾಡಬೇಕಾದ್ದು ಎಲ್ಲ ಆಡಿಯೊ ಉಪಕರಣಗಳನ್ನೂ ಒಂದೇ ಸಾಕೆಟ್ಟಿನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ನಡೆಸುವುದು. ಆಗ ಅವುಗಳ ಅರ್ಥುಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಒಂದೇ ಸಾಕೆಟ್ ತಾಳೀತೇ ಎಂಬ ಅಳುಕು ಹೆಚ್ಚಿನ ಮನೆಗಳಲ್ಲಿ ಬೇಕಿಲ್ಲ; 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ 1380 ವ್ಯಾಟ್ ಕೊಡಬಲ್ಲದು, ಸಾಧಾರಣ ಸ್ಟೀರಿಯೊ ಜೋಡಣೆ ಜೋರಾಗಿ ಹಾಡುವಾಗಲೂ ಅದರ ಹತ್ತಿರ ಸುಳಿಯುವುದಿಲ್ಲ. ಮೂರು ಫೇಸ್ ಸಂಪರ್ಕವಿರುವ ಮನೆಗಳಲ್ಲಿ ಟಿವಿ ಒಂದು ಫೇಸಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇರದಂತೆಯೂ ಇದರಿಂದ ಖಾತ್ರಿಯಾಗುತ್ತದೆ.

ಮುಂದೆ ಆ ಸಾಕೆಟ್ಟನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ನರಿಂದ ಅಳೆಯಿಸಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇದ್ದರೆ ಒಳ್ಳೆಯದು. ಕೊನೆಯ ಅಂಕಿ ಬಹಳ ಹೆಚ್ಚಿದ್ದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ, ಅಥವಾ ಅರ್ಥ್ ದುರ್ಬಲವಾಗಿದೆ. ಫೇಸ್ ಮತ್ತು ಅರ್ಥ್ ನಡುವಿನ ಅಂಕಿ ನಿಲ್ಲದೆ ಅಲೆದಾಡಿದರೆ, ಅಥವಾ 230ಕ್ಕಿಂತ ತೀರ ಕಡಿಮೆ ಇದ್ದರೆ, ಸಾಕೆಟ್ಟಿನ ಮೇಲಿನ ತೂತಿಗೆ ಅರ್ಥ್ ತಂತಿಯನ್ನೇ ಜೋಡಿಸಿಲ್ಲ ಎಂದರ್ಥ. ಹಳೆಯ ಮನೆಗಳಲ್ಲಿ, ಬಾಡಿಗೆ ಮನೆಗಳಲ್ಲಿ ಇದು ವಿರಳವಲ್ಲ: ಸ್ವಿಚ್‌ಬೋರ್ಡಿನಲ್ಲಿ ಮೂರು ತೂತು, ಒಳಗೆ ಎರಡೇ ತಂತಿ.

ಅಂಥ ಮನೆಯಲ್ಲಿ ಡಿವಿಡಿ ಪ್ಲೇಯರಿನ ಅಥವಾ ಕಂಪ್ಯೂಟರಿನ ಲೋಹದ ಮೈ ಮೇಲೆ ಬೆರಳು ಹಗುರವಾಗಿ ಜಾರಿದರೆ ಮರಳುಕಾಗದದಂಥ ಒರಟು ಸ್ಪರ್ಶ, ಸಣ್ಣ ಝುಮ್. ಟೆಸ್ಟರ್ ಮುಟ್ಟಿಸಿದರೆ ಮಂಕಾದ ಕೆಂಪು ಬೆಳಕು. ಒಳಗಿನ ಫಿಲ್ಟರಿನ ಎರಡು ಪುಟ್ಟ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಡಬ್ಬಕ್ಕೆ ಜೋಡಣೆಯಾಗಿರುತ್ತವೆ. ಅವು ಸೋಸಿದ ಕರೆಂಟು ಇಳಿದುಹೋಗಲು ಭೂಮಿ ಸಿಗದಿದ್ದಾಗ ಡಬ್ಬ ಎರಡರ ನಡುವಿನ ಮಟ್ಟದಲ್ಲಿ, ಸುಮಾರು 115 ವೋಲ್ಟಿನಲ್ಲಿ, ತೇಲುತ್ತದೆ. ಕರೆಂಟಿನ ಪ್ರಮಾಣ ಅತ್ಯಲ್ಪವಾದರೂ ಅದು ಹರಿಯಲು ಉಳಿದಿರುವ ದಾರಿ ನಿಮ್ಮ ಆಡಿಯೊ ಕೇಬಲ್. ಇದನ್ನು ಬೆರಳಿನಿಂದ ಪರೀಕ್ಷಿಸಲು ಹೋಗಬೇಡಿ, ಟೆಸ್ಟರ್ ಇರುವುದೇ ಅದಕ್ಕೆ.

ಅರ್ಥಿಂಗ್ ಗುಂಡಿಯನ್ನು ಮರೆತವರೇ ಹೆಚ್ಚು. ಇದ್ದಿಲು, ಉಪ್ಪು ತುಂಬಿ ಜಿಐ ಪೈಪ್ ಇಳಿಸಿದ ಹಳೆಯ ಬಗೆಯ ಗುಂಡಿ ಮಣ್ಣಿನ ತೇವವನ್ನೇ ನಂಬಿಕೊಂಡಿರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ, ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲದ ಕಾರಣ, ಅದು ಒಣಗಿ ನಿರೋಧ ಏರುತ್ತದೆ. ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹುಯ್ಯುವ ಹಿರಿಯರ ರೂಢಿಗೆ ಗಟ್ಟಿ ಕಾರಣವಿದೆ. ಪೈಪಿಗೆ ತಂತಿ ಬಿಗಿದಿರುವ ಕ್ಲ್ಯಾಂಪ್ ತುಕ್ಕು ಹಿಡಿದಿದ್ದರೆ ಅದನ್ನು ಉಜ್ಜಿ ಮತ್ತೆ ಬಿಗಿಸಬೇಕು. ಅರ್ಥ್ ಟೆಸ್ಟರಿನಿಂದ ಅಳೆದಾಗ 5 ಓಮಿಗಿಂತ ಕಡಿಮೆ ಬಂದರೆ ಮನೆಗೆ ಸಮಾಧಾನಕರ. ಆಡಿಯೊಗೆಂದೇ ಬೇರೊಂದು ಶುದ್ಧ ಅರ್ಥ್ ಗುಂಡಿ ತೋಡಿ, ಅದನ್ನು ಮನೆಯ ಅರ್ಥಿನಿಂದ ಬೇರೆಯಾಗಿಯೇ ಇಡುವ ಸಲಹೆ ಅಪಾಯಕಾರಿ. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಏರ್ಪಡಬಹುದು. ಎರಡನೆಯ ಗುಂಡಿ ತೋಡಿಸಿದರೆ ಅದನ್ನು ಮೊದಲನೆಯದಕ್ಕೆ ದಪ್ಪ ತಂತಿಯಿಂದ ಸೇರಿಸಲೇಬೇಕು.

ಮನೆಯೊಳಗಿನ ಸದ್ದುಗಾರರು

ಅರ್ಥ್ ಸರಿಯಿದ್ದೂ ಜರ್ರ್ ಉಳಿದಿದ್ದರೆ ಮೀಟರ್ ಬೋರ್ಡಿನ ಪಕ್ಕದ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ, ಇನ್ನೊಬ್ಬರನ್ನು ಸ್ಪೀಕರಿನ ಮುಂದೆ ಕೂರಿಸಿ. ಇನ್ನೂ ನಿಖರವಾದ ಸಾಧನ ಬ್ಯಾಟರಿಯಲ್ಲಿ ನಡೆಯುವ ಹಳೆಯ ಮೀಡಿಯಂ ವೇವ್ ರೇಡಿಯೊ. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಕಿಲೋಹರ್ಟ್ಸ್ ಮುಂತಾದ ನಿಲ್ದಾಣಗಳ ಸ್ಥಾನ ಬಿಟ್ಟು ಖಾಲಿ ಜಾಗದಲ್ಲಿ ಮುಳ್ಳು ನಿಲ್ಲಿಸಿ, ರೇಡಿಯೊ ಹಿಡಿದು ಮನೆಯೆಲ್ಲ ನಡೆಯಿರಿ. ಸದ್ದು ಮಾಡುವ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ರೆಗ್ಯುಲೇಟರುಗಳ ಹತ್ತಿರ ಹೋದಂತೆ ರೇಡಿಯೊ ಕಿರುಚತೊಡಗುತ್ತದೆ.

ಗುಂಡಿ ತಿರುಗಿಸಿದಂತೆ ವೇಗ ಮೆಲ್ಲಗೆ ಏರುವ ಫ್ಯಾನ್ ರೆಗ್ಯುಲೇಟರುಗಳೂ ಬಲ್ಬಿನ ಡಿಮ್ಮರುಗಳೂ ಈ ಸಾಲಿನಲ್ಲಿ ಮೊದಲಿಗರು. ಅವುಗಳಲ್ಲಿರುವ ಟ್ರಯಾಕ್ ಎಂಬ ಬಿಡಿಭಾಗ ಸೆಕೆಂಡಿಗೆ 100 ಸಲ ಕರೆಂಟಿನ ಅಲೆಯನ್ನು ನಡುವೆಯೇ ಕತ್ತರಿಸಿ ಥಟ್ಟನೆ ಬಿಡುತ್ತದೆ, ಆ ಒಂದೊಂದು ಹೊಡೆತವೂ ಮನೆಯ ತಂತಿಗಳಲ್ಲೆಲ್ಲ ಹಬ್ಬುತ್ತದೆ. ಒಂದು, ಎರಡು, ಮೂರು, ನಾಲ್ಕು ಎಂದು ಟಕ್ ಟಕ್ ನಿಲ್ಲುವ ಕೆಪಾಸಿಟರ್ ಬಗೆಯ ರೆಗ್ಯುಲೇಟರಿನಲ್ಲಿ ಈ ಕತ್ತರಿಕೆ ಇಲ್ಲ. ಹಾಲಿನ ಫ್ಯಾನಿಗೆ ಅದನ್ನು ಹಾಕಿಸುವುದು ಈ ಲೇಖನದಲ್ಲಿ ಹೇಳಿದ ಪರಿಹಾರಗಳಲ್ಲೆಲ್ಲ ಅಗ್ಗವಾದವುಗಳಲ್ಲೊಂದು, ಫಲ ಕೊಡುವುದರಲ್ಲಿ ಮೇಲಿನದು. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಸೋಸುವ ಭಾಗವನ್ನೇ ಕೈಬಿಟ್ಟಿರುತ್ತಾರೆ, ಅವನ್ನು ಬದಲಿಸಬೇಕು. ಮಿಕ್ಸಿಯ ಬ್ರಷ್ಷಿನ ಕಿಡಿಗೆ ಪರಿಹಾರ ಹುಡುಕುವುದಕ್ಕಿಂತ ಚಟ್ನಿ ರುಬ್ಬಿ ಮುಗಿಯುವವರೆಗೆ ಕಾಯುವುದು ಸುಲಭ.

ಪವರ್ ಕಟ್ಟಿನ ಸಮಯಕ್ಕೆಂದು ಇಟ್ಟ ಯುಪಿಎಸ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸ್ಕ್ವೇರ್ ವೇವ್ ಯುಪಿಎಸ್ ಕೊಡುವ ಕರೆಂಟು ಚೌಕದ ಏಣುಗಳಿಂದ ಕೂಡಿದ್ದು; ಅದರಲ್ಲಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೂ ಫ್ಯಾನೂ ಒಟ್ಟಿಗೆ ಗುರ್ರೆನ್ನುತ್ತವೆ. ಕರೆಂಟು ಹೋದಾಗಲೂ ಸಂಗೀತ ಬೇಕೆನ್ನುವವರಿಗೆ ಪ್ಯೂರ್ ಸೈನ್ ವೇವ್ ಯುಪಿಎಸ್ ಒಂದೇ ದಾರಿ. ಕರೆಂಟು ಇರುವಾಗ ಮನೆಯ ಯುಪಿಎಸ್ ಬೀದಿಯ ಕರೆಂಟನ್ನೇ ಮುಂದೆ ದಾಟಿಸುತ್ತ, ಪಕ್ಕದಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿರುತ್ತದೆ. ಚಾರ್ಜಿಂಗ್ ನಡೆಯುವ ಹೊತ್ತಿನಲ್ಲಿ ಮಾತ್ರ ಸದ್ದು ಬರುತ್ತಿದ್ದರೆ ಆಡಿಯೊ ಸಾಕೆಟ್ಟನ್ನು ಯುಪಿಎಸ್ ಲೈನಿನಿಂದ ಬಿಡಿಸಿ ನೇರ ಲೈನಿಗೆ ಹಾಕಿಸಿ.

ತಂತಿಗಳ ದಾರಿ, ಟರ್ನ್‌ಟೇಬಲ್

ಆಂಪ್ಲಿಫೈಯರಿನ ಹಿಂದೆ ಪವರ್ ತಂತಿಗಳನ್ನೂ ಸಿಗ್ನಲ್ ಕೇಬಲುಗಳನ್ನೂ ಒಂದೇ ಕಟ್ಟಾಗಿ ಕಟ್ಟಿದರೆ ನೋಟಕ್ಕೆ ಚೆಂದ, ಕಿವಿಗೆ ಅಲ್ಲ. ಪವರ್ ಒಂದು ಬದಿಯಲ್ಲಿ, ಸಿಗ್ನಲ್ ಇನ್ನೊಂದು ಬದಿಯಲ್ಲಿ ಇರಲಿ. ದಾಟಲೇಬೇಕಾದ ಕಡೆ ಅಡ್ಡಡ್ಡಲಾಗಿ ದಾಟಲಿ. ಟರ್ನ್‌ಟೇಬಲ್ ಇರುವವರು ಇಲ್ಲಿ ಇನ್ನೂ ಎಚ್ಚರ ವಹಿಸಬೇಕು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳಿನ ಕಂಪನವನ್ನು ಸಿಗ್ನಲಾಗಿಸುವ ಭಾಗ) ಕೊಡುವುದು ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರಿನ 2 ವೋಲ್ಟಿನ ನಾನೂರನೇ ಒಂದು ಭಾಗ. ಅದನ್ನು ಹಿಗ್ಗಿಸುವಾಗ ಗುಂಯ್ ಸಹ ಅಷ್ಟೇ ಹಿಗ್ಗುತ್ತದೆ. ಟರ್ನ್‌ಟೇಬಲ್ಲಿನಿಂದ ಹೊರಡುವ ತೆಳುವಾದ ಪ್ರತ್ಯೇಕ ಅರ್ಥ್ ತಂತಿ ಆಂಪ್ಲಿಫೈಯರಿನ ಫೋನೊ ಇನ್‌ಪುಟ್ಟಿನ ಪಕ್ಕದ ತಿರುಪಿಗೆ ಬಿಗಿಯಾಗಿ ಕೂತಿರಬೇಕು, ಮತ್ತು ಟರ್ನ್‌ಟೇಬಲ್ಲನ್ನು ಆಂಪ್ಲಿಫೈಯರಿನ ಮೇಲೆ ಇಡಬಾರದು.

ಇನ್ನು ಹಣ ಖರ್ಚು ಮಾಡುವುದಿದ್ದರೆ

ಮನೆ ಕಟ್ಟಿಸುತ್ತಿರುವವರು ಅಥವಾ ವೈರಿಂಗ್ ಬದಲಿಸುತ್ತಿರುವವರು ಮೇನ್ ಬೋರ್ಡಿನಿಂದ ಆಡಿಯೊ ಇರುವ ಗೋಡೆಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ, ಪ್ರತ್ಯೇಕ 16 ಆಂಪಿಯರ್ ಎಂಸಿಬಿಯೊಂದಿಗೆ, ಬೇರೆ ಯಾವ ಫ್ಯಾನೂ ದೀಪವೂ ಹಂಚಿಕೊಳ್ಳದ ಒಂದು ಲೈನ್ ಹಾಕಿಸಲಿ. ಆ ಹಂತದಲ್ಲಿ ಖರ್ಚು ಅಲ್ಪ, ನಂತರ ಗೋಡೆ ಒಡೆಯಬೇಕು.

ಲೈನ್ ಫಿಲ್ಟರ್ ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು: ಅದರ ಚೋಕೂ (ತಂತಿಯ ಸುರುಳಿ) ಕೆಪಾಸಿಟರುಗಳೂ ತಡೆಯುವುದು ಹತ್ತಾರು ಕಿಲೋಹರ್ಟ್ಸಿಗಿಂತ ಮೇಲಿನ ಗಲಾಟೆಯನ್ನು. ಎಲ್‌ಇಡಿ, ಚಾರ್ಜರುಗಳ ಸದ್ದಿಗೆ ಅದು ನೆರವಾದೀತು. 50 ಹರ್ಟ್ಸಿನ ಗುಂಯ್ ಅದರ ಮೂಲಕ ಹಾಗೆಯೇ ಹಾದುಹೋಗುತ್ತದೆ. ಅರ್ಥ್ ಇಲ್ಲದ ಸಾಕೆಟ್ಟಿಗೆ ಅದನ್ನು ಹಾಕಿದರೆ ಮೇಲೆ ಹೇಳಿದ 115 ವೋಲ್ಟಿನ ಝುಮ್ ಇನ್ನಷ್ಟು ಹೆಚ್ಚುತ್ತದೆ. ಸ್ಕ್ವೇರ್ ವೇವ್ ಯುಪಿಎಸ್ಸಿನ ಮುಂದೆ ಅದನ್ನು ಬಳಸಲೇಬಾರದು. ಸ್ಪೈಕ್ ಗಾರ್ಡ್ ವೋಲ್ಟೇಜಿನ ಹಠಾತ್ ಏರಿಕೆಯಿಂದ ಕಾಪಾಡುತ್ತದೆಯೇ ಹೊರತು ಸದ್ದು ಕಳೆಯುವುದಿಲ್ಲ, ಮತ್ತು ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕೀಳುವುದಕ್ಕೆ ಅದು ಬದಲಿಯಲ್ಲ.

ಮನೆಯ ಉಳಿದ ಲೈನಿನಿಂದ ಬರುವ ಸದ್ದು ಬೇರೆ ಯಾವುದಕ್ಕೂ ಬಗ್ಗದಿದ್ದಾಗ 230ಕ್ಕೆ 230 ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಗಂಭೀರ ಪರಿಹಾರ. ಎರಡು ಸುರುಳಿಗಳ ನಡುವೆ ತಾಮ್ರದ ತೆರೆಯಿದ್ದು, ಆ ತೆರೆ ಅರ್ಥಿಗೆ ಸೇರಿರುವಂಥದ್ದನ್ನೇ ಕೇಳಿ ಮಾಡಿಸಬೇಕು. ಉಪಕರಣಗಳ ಒಟ್ಟು ವ್ಯಾಟಿನ ಎರಡರಷ್ಟು ಸಾಮರ್ಥ್ಯವಿದ್ದರೆ ಆಂಪ್ಲಿಫೈಯರ್ ಉಸಿರುಗಟ್ಟುವುದಿಲ್ಲ. ಆನ್ ಮಾಡಿದ ಕ್ಷಣ ಅದು ಎಳೆಯುವ ಕರೆಂಟಿಗೆ ಬಿ ದರ್ಜೆಯ ಎಂಸಿಬಿ ಬೀಳಬಹುದು, ಸಿ ದರ್ಜೆಯದು ತಾಳಿಕೊಳ್ಳುತ್ತದೆ. ಅದರ ಮುಂದಿನ ಭಾಗಕ್ಕೆ ಮನೆಯ ಆರ್‌ಸಿಸಿಬಿಯ (ಕರೆಂಟು ಭೂಮಿಗೆ ಸೋರಿದರೆ ಲೈನ್ ಆರಿಸುವ ಸ್ವಿಚ್) ಕಾವಲು ತಲುಪುವುದಿಲ್ಲವಾದ್ದರಿಂದ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ನರೇ ಮಾಡಲಿ. ಅದು ಸ್ವತಃ ಸಣ್ಣಗೆ ಗುಂಯ್‌ಗುಟ್ಟುವುದರಿಂದ ಕೇಳುವ ಕೋಣೆಯ ಹೊರಗಿರಲಿ. ಸಾವಿರಾರು ರೂಪಾಯಿಯ ಪವರ್ ಕಾರ್ಡಿನ ಬಗ್ಗೆ ಹೇಳುವುದು ಹೆಚ್ಚಿಲ್ಲ: ಗೋಡೆಯೊಳಗಿನ ಹತ್ತಾರು ಮೀಟರ್ ಸಾಧಾರಣ ತಂತಿಯ ಕೊನೆಗೆ ಒಂದು ಮೀಟರ್ ಬೆಳ್ಳಿ ಲೇಪಿಸಿದ ತಂತಿ ಸೇರಿಸಿದರೆ ಅಂಗಡಿಯವರಿಗಷ್ಟೇ ಲಾಭ.

ಇಷ್ಟೆಲ್ಲ ನೋಡಿದ ಮೇಲೆ ತೊಂದರೆ ನಿಜವಾಗಿಯೂ ಹೊರಗಿನದೆಂದು ತೋರುವ ಸಂದರ್ಭಗಳೂ ಇವೆ. ಮೇನ್ ಸ್ವಿಚ್ ಇಳಿಸಿದರೂ ಬ್ಯಾಟರಿ ರೇಡಿಯೊ ಚಟಪಟ ಎನ್ನುತ್ತ, ಕಂಬದ ಕಡೆ ನಡೆದಂತೆ ಜೋರಾಗುತ್ತಿದ್ದರೆ ಅಲ್ಲಿ ಇನ್ಸುಲೇಟರ್ ಅಥವಾ ಸಡಿಲ ಜೋಡಣೆ ಕಿಡಿ ಕಾರುತ್ತಿರಬಹುದು. ನಿಮ್ಮ ಮನೆಯಲ್ಲಿ ಮೋಟಾರ್ ಅಥವಾ ಗೀಸರ್ ಹಾಕಿದಾಗ ಕೆಲವು ದೀಪಗಳು ಮಂಕಾಗುವ ಬದಲು ಇದ್ದಕ್ಕಿದ್ದಂತೆ ಪ್ರಖರವಾದರೆ ನ್ಯೂಟ್ರಲ್ ತಂತಿ ಸಡಿಲವಾಗಿರುವ ಸೂಚನೆ. ಅದು ಪೂರ್ತಿ ಬಿಟ್ಟುಕೊಂಡರೆ ಮೂರು ಫೇಸ್ ಲೈನಿನಲ್ಲಿ ಸಾಕೆಟ್ಟಿಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಈ ಸೂಚನೆ ಕಂಡ ಕೂಡಲೇ ಆಡಿಯೊ ಸಾಕೆಟ್ಟಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಮೇನ್ ಇಳಿಸಿ, 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಲೈನ್‌ಮ್ಯಾನ್ ಬಂದು ಜೋಡಣೆ ಬಿಗಿಮಾಡಿ, ಮಲ್ಟಿಮೀಟರಿನಲ್ಲಿ ಮತ್ತೆ 230ರ ಆಸುಪಾಸು ಕಾಣುವವರೆಗೆ ಏನನ್ನೂ ಆನ್ ಮಾಡಬೇಡಿ.